ಗಂಭೀರಮ್ಮನ ಇಪ್ಪತ್ತೊಂದು ದಿನ

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅವಳು ಬಿಟ್ಟರೆ ನಮ್ಮ ಕಂಪನಿಯ ವ್ಯಾನ್ ಡ್ರೈವರ್ ಹೇಳುತ್ತಾನೆ. ಕೆಲಸದ ಜಾಗದಲ್ಲೂ ಹೊರಗೂ ನನ್ನನ್ನು ಎಲ್ಲರೂ ರೇಡಿಯೋ ಎಂದು ಕರೆಯುತ್ತಾರೆ. ಅದು ಮೆಚ್ಚುಗೆಯ ಹೆಸರು ಎಂದು ನಾಲ್ಕು ವರ್ಷ ನಂಬಿಕೊಂಡಿದ್ದೆ.

ನಾನು ಲಿಫ್ಟ್ ರಿಪೇರಿ ಮಾಡುವವನು. ಯಾರಾದರೂ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡರೆ ನಾವು ಇಬ್ಬರು ಹೋಗುತ್ತೇವೆ. ಜೊತೆಗಾರ ಮೇಲಿನ ಯಂತ್ರದ ಕೋಣೆಗೆ ಹತ್ತಿ, ಬ್ರೇಕ್ ಸಡಿಲಿಸಿ, ಲಿಫ್ಟನ್ನು ಅಂಗುಲ ಅಂಗುಲವಾಗಿ ಇಳಿಸುತ್ತಾನೆ. ಅಷ್ಟು ಹೊತ್ತೂ ನಾನು ಬಾಗಿಲ ಹತ್ತಿರ ಕೂತು ಒಳಗಿರುವವರ ಜೊತೆ ಮಾತಾಡುತ್ತಿರಬೇಕು. ಕತ್ತಲಲ್ಲಿ ಸಿಕ್ಕಿಕೊಂಡವರಿಗೆ ಹೊರಗಿನಿಂದ ಒಂದು ದನಿ ಕೇಳುತ್ತಿದ್ದರೆ ಜೀವಕ್ಕೆ ಧೈರ್ಯ. ಕಂಪನಿಯ ಕೈಪಿಡಿಯಲ್ಲಿ ‘ಮಾತಾಡುತ್ತಿರಿ’ ಎಂದು ಬರೆದಿದ್ದಾರೆ. ಏನು ಮಾತಾಡಬೇಕು ಎಂದು ಬರೆದಿಲ್ಲ. ಆ ಖಾಲಿ ಜಾಗವನ್ನು ನಾನು ಹದಿನೆಂಟು ವರ್ಷದಿಂದ ತುಂಬುತ್ತಾ ಬಂದಿದ್ದೇನೆ. ನನ್ನ ಮದುವೆ, ನನ್ನ ಮೂಲವ್ಯಾಧಿ, ನಾನು ಸಾಕಿದ ಮೀನುಗಳು, ನನ್ನ ಮಾವ ಮನೆ ಕಟ್ಟಿಸಿದಾಗ ಮೆಟ್ಟಿಲು ಬಿಟ್ಟುಹೋದದ್ದು, ಎಲ್ಲವೂ ಈ ನಗರದ ನೂರಾರು ಜನಕ್ಕೆ ಬಾಯಿಪಾಠ. ಒಮ್ಮೆ ಒಬ್ಬರು ಒಳಗಿನಿಂದ, “ಸ್ವಾಮಿ, ಬಾಗಿಲು ತೆಗೆಯೋದು ತಡ ಆದ್ರೂ ಪರವಾಗಿಲ್ಲ, ಒಂದೈದು ನಿಮಿಷ ಸುಮ್ನಿರಿ” ಎಂದರು. ಪಾಪ, ಭಯಕ್ಕೆ ಹಾಗೆ ಹೇಳುತ್ತಿದ್ದಾರೆ ಎಂದುಕೊಂಡು ಇನ್ನೂ ಜೋರಾಗಿ ಮಾತಾಡಿದೆ.

ಮೀನಿನ ವಿಷಯಕ್ಕೆ ಬರುವ ಮೊದಲು ಮಗಳ ವಿಷಯ ಹೇಳಬೇಕು. ಆಗ ಅವಳಿಗೆ ಹನ್ನೆರಡು. ಒಂದು ಸಂಜೆ ನಾನು ಮೀನಿನ ತೊಟ್ಟಿಯ ಗಾಜು ಉಜ್ಜುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತಳು.

“ಅಪ್ಪ, ಒಂದು ಹೇಳ್ಲಾ? ಯಾರಿಗೂ ಹೇಳ್ಬಾರ್ದು.”

ವಿಷಯ ಇಷ್ಟೇ. ಶಾಲೆಯ ಗಾಯನ ತಂಡದಲ್ಲಿ ಅವಳು ಎರಡು ವರ್ಷದಿಂದ ಇದ್ದಾಳೆ. ಆ ಎರಡು ವರ್ಷದಲ್ಲಿ ಒಂದು ದಿನವೂ ಹಾಡಿಲ್ಲ. ದನಿ ಒಡೆಯುತ್ತದೆ ಎಂದು ಹೆದರಿ ಬರೀ ತುಟಿ ಆಡಿಸುತ್ತಾಳೆ. “ನಿನ್ನ ಮೀನು ಮಾಡುತ್ತಲ್ಲ, ಹಾಗೆ” ಎಂದು ಗಾಜಿನ ಮುಂದೆ ಬಾಯಿ ತೆರೆದು ಮುಚ್ಚಿ ತೋರಿಸಿದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಯಾರಿಗೂ ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಮೂರನೇ ದಿನ ಒಂದು ಕಟ್ಟಡದಲ್ಲಿ ನಾಲ್ಕು ಮತ್ತು ಐದನೇ ಮಹಡಿಯ ಮಧ್ಯೆ ಲಿಫ್ಟ್ ನಿಂತಿತು. ಒಳಗೆ ಒಬ್ಬರೇ ಹೆಂಗಸು, ಏದುಸಿರು ಬಿಡುತ್ತಿದ್ದರು. ನಾನು ಕೂತೆ, ಶುರುಮಾಡಿದೆ. ಮಾವನ ಮೆಟ್ಟಿಲಿಗೆ ಸ್ವಲ್ಪ ನಕ್ಕರು. ನಗು ಕೇಳಿದರೆ ನನಗೆ ಮೈಮೇಲೆ ಜ್ಞಾನ ಇರುವುದಿಲ್ಲ. ಮಗಳ ಕತೆ ತೆಗೆದೆ. ಎದುರಿಗೆ ಯಾರೂ ಕಾಣದಿದ್ದರೂ ತುಟಿ ಆಡಿಸಿ ಅಭಿನಯವನ್ನೂ ಮಾಡಿದೆ. ಒಳಗೆ ನಗು ನಿಂತುಹೋಯಿತು. ತಲೆ ಸುತ್ತಿ ಬಿದ್ದರೋ ಏನೋ ಎಂದು ಗಾಬರಿಯಾಗಿ, ಎಚ್ಚರ ಇರಲಿ ಎಂದು ಶಾಲೆಯ ಹೆಸರನ್ನೂ ತರಗತಿಯನ್ನೂ ಸೇರಿಸಿ ಹೇಳಿದೆ. ಬಾಗಿಲು ತೆರೆದಾಗ ಅವರ ಕೊರಳಲ್ಲಿ ಅದೇ ಶಾಲೆಯ ಗುರುತಿನ ಚೀಟಿ ನೇತಾಡುತ್ತಿತ್ತು. ಸಂಗೀತದ ಮೇಡಂ. “ತುಂಬಾ ಥ್ಯಾಂಕ್ಸ್” ಎಂದು ನನ್ನ ಮುಖ ನೋಡದೆ ಹೊರಟುಹೋದರು.

ಮುಂದಿನ ವಾರ ಮಗಳನ್ನು ಎಲ್ಲರ ಮುಂದೆ ಒಬ್ಬಳನ್ನೇ ನಿಲ್ಲಿಸಿ ಹಾಡಿಸಿದರಂತೆ. ಎರಡೇ ಸಾಲು. ಎರಡನೆಯ ಸಾಲಿಗೆ ದನಿ ಒಡೆಯಿತಂತೆ. ‘ಅಂತೆ’ ಎನ್ನುತ್ತಿದ್ದೇನೆ, ಯಾಕೆಂದರೆ ಇದನ್ನು ನನಗೆ ಹೇಳಿದ್ದು ಹೆಂಡತಿ. ಮಗಳು ಅಂದಿನಿಂದ ನನ್ನ ಜೊತೆ ಮೂರು ಮಾತಷ್ಟೇ ಆಡುತ್ತಾಳೆ: ಹೂಂ, ಉಹೂಂ, ಗೊತ್ತಿಲ್ಲ. ಸಿಟ್ಟು ಮಾಡಲಿಲ್ಲ, ಅಳಲಿಲ್ಲ, ಬಾಗಿಲು ಬಡಿಯಲಿಲ್ಲ. ಊಟಕ್ಕೆ ಕೂತಾಗ ನೀರಿನ ಲೋಟ ನನ್ನ ಕಡೆಗೆ ಸರಿಸುತ್ತಾಳೆ. ಅದೇ ನನಗೆ ಹೆಚ್ಚು ನೋವು. ನಾಲ್ಕು ಸಲ ಕ್ಷಮೆ ಕೇಳಿದೆ. ನಾಲ್ಕನೆಯ ಸಲ, ಅದು ಹೇಗಾಯಿತು ಎಂದು ವಿವರವಾಗಿ ಹೇಳಿದೆ. ತಪ್ಪಿಗಿಂತ ವಿವರಣೆಯೇ ಭೀಕರವಾಗಿತ್ತು ಎಂದು ಹೆಂಡತಿಯ ಅಭಿಪ್ರಾಯ. ಹೀಗೆ ಹನ್ನೊಂದು ತಿಂಗಳು ಕಳೆಯಿತು. ಮನೆಯಲ್ಲಿ ಮಗಳಿದ್ದೂ ಅವಳ ದನಿ ಗೋಡೆಯಾಚೆಯಿಂದ ಮಾತ್ರ ಕೇಳುವ ಸ್ಥಿತಿ ಯಾವ ಅಪ್ಪನಿಗೂ ಬರಬಾರದು.

ಆ ಹೊತ್ತಿಗೆ ಕಂಪನಿಯವರು ಹೊಸ ಯಂತ್ರದ ತರಬೇತಿಗೆ ನನ್ನನ್ನು ವಿದೇಶಕ್ಕೆ ಕಳಿಸಿದರು. ಹತ್ತು ದಿನ. ಅಲ್ಲಿಂದ ಮಗಳಿಗೆ ಮೀನು ತರಬೇಕು ಎಂದು ವಿಮಾನ ಹತ್ತುವ ಮೊದಲೇ ತೀರ್ಮಾನಿಸಿದ್ದೆ. ಚಿಕ್ಕವಳಿದ್ದಾಗ ತೊಟ್ಟಿಯ ಮುಂದೆಯೇ ತೂಕಡಿಸಿ ನಿದ್ದೆ ಮಾಡುತ್ತಿದ್ದ ಮಗು ಅವಳು. ಹೊಸ ಮೀನು ಬಂದರೆ ನೋಡಲು ಬರುತ್ತಾಳೆ, ಬಂದರೆ ಏನಾದರೂ ಕೇಳುತ್ತಾಳೆ. ಅರ್ಧ ಕಾರಣ ಇದು. ಇನ್ನರ್ಧ ನಮ್ಮ ಮೀನು ಸಾಕುವವರ ಸಂಘ. ಅರ್ಧ ಎಂದದ್ದು ಸುಳ್ಳು, ಮುಕ್ಕಾಲು ಎಂದರೆ ಸರಿಯಾದೀತು.

ಸಂಘದಲ್ಲಿ ಇಪ್ಪತ್ತೆರಡು ಜನ. ಅಧ್ಯಕ್ಷರು ಔಷಧಿ ಅಂಗಡಿ ಇಟ್ಟವರು. ಒಂದು ಚಳಿಗಾಲದಲ್ಲಿ ಅವರು ತೊಟ್ಟಿಯ ಹೀಟರ್ ಹಾಕಲು ಮರೆತು ಒಂಬತ್ತು ಮೀನು ಕಳೆದುಕೊಂಡಿದ್ದರು. ಆ ಕತೆಯನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆ. ಟವೆಲ್ ಸುತ್ತಿಕೊಂಡು ಹಲ್ಲುಜ್ಜುತ್ತಾ ಬಂದು, ತೊಟ್ಟಿ ನೋಡಿ, ಬಾಯಲ್ಲಿದ್ದ ಬ್ರಷ್ ಬೀಳಿಸುವುದನ್ನು ಮಾಡಿ ತೋರಿಸುತ್ತಿದ್ದೆ. ಅಧ್ಯಕ್ಷರೂ ನಗುತ್ತಿದ್ದರು. ಅದು ನಗುವಲ್ಲ, ನನ್ನ ಸರದಿಗಾಗಿ ಕಾಯುತ್ತಿದ್ದದ್ದು ಎಂದು ಈಗ ಗೊತ್ತು.

ವಿದೇಶದ ಆ ಅಂಗಡಿ ಒಂದು ಓಣಿಯಲ್ಲಿತ್ತು. ಅಂಗಡಿಯಾಕೆಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. ಹಾಗೆಂದು ನಾನೇನೂ ಮಾತು ನಿಲ್ಲಿಸಲಿಲ್ಲ. ಕಲ್ಲುಬಂಡೆಗಳ ಸರೋವರದ ಜಾತಿಯ ಒಂದು ಗಂಡು ಮೀನು ಆರಿಸಿದೆ. ಅಂಥ ನೀಲಿ ನಾನು ನೋಡಿರಲಿಲ್ಲ. ಆಕೆ ನನ್ನನ್ನು ನೋಡಿ, ಮೀನನ್ನು ನೋಡಿ, ಏನನ್ನೋ ಯೋಚಿಸಿ, ಮೂಲೆಯ ತೊಟ್ಟಿಯಿಂದ ಒಂದು ಮಾಸಲು ಬಣ್ಣದ ಹೆಣ್ಣನ್ನು ಹಿಡಿದು ಬಿಟ್ಟಿಯಾಗಿ ಸೇರಿಸಿದರು. ಅದರ ದವಡೆ ಸ್ವಲ್ಪ ದಪ್ಪ. ಮುಖ ಗಂಟು ಹಾಕಿಕೊಂಡ ಹಾಗಿತ್ತು. ಆಕೆ ತಮ್ಮ ತುಟಿಯ ಮೇಲೆ ಬೆರಳಿಟ್ಟರು. ತೋಳು ಮಡಿಸಿ ತೂಗಿದರು. ಹತ್ತು ಬೆರಳು ಎರಡು ಸಲ, ಆಮೇಲೆ ಒಂದು ಬೆರಳು ತೋರಿಸಿದರು. ನನಗೆ ಎಲ್ಲವೂ ಸ್ಪಷ್ಟವಾಯಿತು. ಬಿಟ್ಟಿ ಕೊಟ್ಟದ್ದನ್ನು ನನ್ನ ಗಂಡನಿಗೆ ಹೇಳಬೇಡಿ, ಅಲುಗಾಡಿಸದೆ ಒಯ್ಯಿರಿ, ಇಪ್ಪತ್ತೊಂದು ಗಂಟೆಯೊಳಗೆ ತೊಟ್ಟಿಗೆ ಬಿಡಿ. ಕೈಮುಗಿದು ಬಂದೆ. ಹೋಟೆಲಿನಿಂದಲೇ ಸಂಘಕ್ಕೆ ಸಂದೇಶ ಹೋಯಿತು, ನೀಲಿ ಗಂಡಿನ ಚಿತ್ರ, ಬಿಟ್ಟಿ ಹೆಣ್ಣಿನ ಸುದ್ದಿ ಸಮೇತ: ‘ಈ ವರ್ಷದ ಪ್ರದರ್ಶನಕ್ಕೆ ಬೇರೆ ಯಾರೂ ತಲೆಕೆಡಿಸಿಕೊಳ್ಳಬೇಡಿ.’

ವಿಮಾನ ನಿಲ್ದಾಣದಲ್ಲಿ ಪರವಾನಗಿ, ಮೀನಿನ ಆರೋಗ್ಯಪತ್ರ ಎಲ್ಲ ಸರಿಯಾಗಿತ್ತು. ಅಧಿಕಾರಿ ಕೇಳಿದ್ದು ‘ಎಷ್ಟು?’ ಎಂದು. ಎರಡು ಎಂದರೆ ಮುಗಿಯುತ್ತಿತ್ತು. ನಾನು ಸರೋವರದಿಂದ ಶುರುಮಾಡಿದೆ. ನನ್ನ ಹಿಂದಿದ್ದವರು ಒಬ್ಬೊಬ್ಬರಾಗಿ ಬೇರೆ ಸಾಲಿಗೆ ಹೋದರು. ಕೊನೆಗೆ ಅಧಿಕಾರಿ ತಾನೇ ‘ಎರಡು’ ಎಂದು ಬರೆದು ಮುದ್ರೆ ಒತ್ತಿದ. ಆ ಪತ್ರಕ್ಕೆ ನಾನೂ ಸಹಿ ಹಾಕಿದೆ. ಸುಳ್ಳು ಲೆಕ್ಕಕ್ಕೆ ಸಹಿ ಹಾಕುತ್ತಿದ್ದೇನೆ ಎಂದು ನನಗಾಗಲಿ ಅವನಿಗಾಗಲಿ ಗೊತ್ತಿರಲಿಲ್ಲ.

ಇಪ್ಪತ್ತೊಂದು ಗಂಟೆಯ ಗಡಿಯಾರ ತಲೆಯೊಳಗೆ ಟಿಕ್‌ಟಿಕ್ ಎನ್ನುತ್ತಿತ್ತು. ಥರ್ಮಾಕೋಲ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮನೆಗೆ ಓಡಿದೆ. ಹೊಸ ಮೀನಿನ ಚೀಲವನ್ನು ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ತೇಲಿಬಿಟ್ಟು, ಗುಟುಕು ಗುಟುಕಾಗಿ ನೀರು ಬೆರೆಸಿ, ಮೀನು ಹೊಂದಿಕೊಂಡ ಮೇಲೆ ಬಿಡಬೇಕು. ಇದು ಮೀನು ಸಾಕುವವರ ಒಂದನೇ ಪಾಠ. ಹೊಸಬರಿಗೆ ಈ ಪಾಠ ಹೇಳಿಕೊಡುವವನು ನಾನೇ. ಆದರೆ ಗಡಿಯಾರದಲ್ಲಿ ಇಪ್ಪತ್ತು ಗಂಟೆ ನಲವತ್ತು ನಿಮಿಷವಾಗಿತ್ತು. ಚೀಲ ಬಿಚ್ಚಿ ಎರಡನ್ನೂ ಚಿಕ್ಕ ತೊಟ್ಟಿಗೆ ದಬಕ್ಕನೆ ಸುರಿದೆ. ನೀಲಿ ಗಂಡು ಮೂರನೇ ದಿನ ಸತ್ತಿತು.

ಆ ಸಾವನ್ನು ನಾನು ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ನನ್ನ ಜೀವನದಲ್ಲಿ ಬಾಯಿ ಮುಚ್ಚಿಕೊಂಡ ಮೊದಲ ಸಂದರ್ಭ ಅದು. ಮರ್ಯಾದೆಯ ಪ್ರಶ್ನೆಯಾದ್ದರಿಂದ ಅದನ್ನು ಗುಣ ಎಂದು ಲೆಕ್ಕ ಹಿಡಿಯಬಾರದು.

ಉಳಿದದ್ದು ಬಿಟ್ಟಿ ಬಂದ ಮಾಸಲು ಹೆಣ್ಣು. ಹೊಸ ಮೀನನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಡುವುದು ರೂಢಿ. ಹಾಲ್‌ನಲ್ಲಿ ಜಾಗವಿಲ್ಲ ಎಂಬ ನೆಪದಲ್ಲಿ ಆ ಚಿಕ್ಕ ತೊಟ್ಟಿಯನ್ನು ಮಗಳ ಕೋಣೆಯಲ್ಲಿ, ಅವಳ ಓದುವ ಮೇಜಿನ ಪಕ್ಕ ಇಟ್ಟಿದ್ದೆ. “ಇಲ್ಲಿಡಲಾ?” ಎಂದರೆ “ಹೂಂ” ಎಂದಿದ್ದಳು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಮುಖ ನೋಡಿ ಚೌಕಟ್ಟು ಆರಿಸುವುದರಲ್ಲಿ ಪಳಗಿದವಳು. ಒಂದೇ ನೋಟಕ್ಕೆ ಮೀನಿಗೆ ಹೆಸರಿಟ್ಟಳು: ಗಂಭೀರಮ್ಮ.

ಗಂಭೀರಮ್ಮ ಊಟ ಮುಟ್ಟಲಿಲ್ಲ. ಕಾಳು ಹಾಕಿದೆ, ಹುಳು ಹಾಕಿದೆ, ಬೇಯಿಸಿದ ಬಟಾಣಿ ಹಿಸುಕಿ ಹಾಕಿದೆ. ಅದು ಒಂದು ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು. ದವಡೆ ದಿನದಿನಕ್ಕೆ ಇನ್ನೂ ಉಬ್ಬಿತು. ಗಂಡು ಸತ್ತ ಹೆದರಿಕೆ ನನ್ನ ತಲೆಯಲ್ಲಿ ಕೂತಿತ್ತು. ಎಲ್ಲಿ ನೋಡಿದರೂ ರೋಗವೇ ಕಾಣುತ್ತಿತ್ತು. ಒಂಬತ್ತನೇ ದಿನ ಸಂಜೆ ತೀರ್ಮಾನಿಸಿದೆ, ಇದು ಬಾಯಿಯ ಕಾಯಿಲೆ. ಮೀನು ಹಿಡಿಯುವ ಪುಟ್ಟ ಬಲೆ, ನೀಲಿ ಔಷಧಿ, ಬಾಯಿ ಬಿಡಿಸಿ ನೋಡಲು ಮೊಂಡು ಮೂತಿಯ ಚಿಮಟ, ಎಲ್ಲ ಹಿಡಿದುಕೊಂಡು ಡಾಕ್ಟರರ ಗತ್ತಿನಲ್ಲಿ ಮಗಳ ಕೋಣೆಗೆ ಹೋದೆ. ಬಲೆಯನ್ನು ನೀರಿಗೆ ಅದ್ದಿದ್ದೆ ಅಷ್ಟೇ.

“ಅಪ್ಪ, ತಡಿ.”

ಹನ್ನೊಂದು ತಿಂಗಳ ಮೇಲೆ ಬಂದ ಮಾತು. ನನ್ನ ಕೈ ನೀರಿನಲ್ಲೇ ನಿಂತಿತು.

“ಅದ್ರ ಬಾಯೊಳಗೆ ಕಣ್ಣಿದೆ.”

“ಕಣ್ಣು ಬಾಯಿ ಮೇಲಿರುತ್ತೆ ಪುಟ್ಟಾ.”

“ಅದ್ರ ಕಣ್ಣಲ್ಲ. ಬೇರೆ ಕಣ್ಣು. ತುಂಬಾ ಇವೆ.” ಮಗಳು ಮೇಜಿನ ಮೇಲಿದ್ದ ನೋಟ್‌ಬುಕ್ ತೆಗೆದು ತೋರಿಸಿದಳು. ಒಂಬತ್ತು ದಿನದ್ದೂ ಬರೆದಿದ್ದಳು, ಎಷ್ಟು ಹೊತ್ತಿಗೆ ಎಲ್ಲಿ ನಿಂತಿತ್ತು, ಎಷ್ಟು ಸಲ ದವಡೆ ಆಡಿಸಿತು. “ಕಾಯಿಲೆ ಇಲ್ಲ ಅದಕ್ಕೆ. ಬಾಯಲ್ಲಿ ಏನೋ ಜೋಪಾನ ಮಾಡ್ತಿದೆ.”

ಹೆಂಡತಿ ತನ್ನ ಕೆಲಸದ ಭೂತಗನ್ನಡಿ ತಂದಳು. ಮೂವರೂ ಮಂಡಿಯೂರಿ ಕೂತೆವು. ಗಂಭೀರಮ್ಮ ಉಸಿರಾಡಲು ತುಟಿಯನ್ನು ಕೂದಲೆಳೆಯಷ್ಟು ತೆರೆದಾಗ ಒಳಗೆ ಸಾಸಿವೆಗಿಂತ ಚಿಕ್ಕ ಕರಿ ಚುಕ್ಕೆಗಳು, ಜೋಡಿ ಜೋಡಿಯಾಗಿ, ಅಲುಗುತ್ತಿದ್ದವು.

ಆ ಜಾತಿಯ ತಾಯಿ ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ, ಸುಮಾರು ಮೂರು ವಾರ ಉಪವಾಸವಿರುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಇದರ ಮೇಲೆ ಸಂಘದಲ್ಲಿ ಅರ್ಧ ಗಂಟೆ ಭಾಷಣ ಮಾಡಿದ್ದೇನೆ, ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದೇನೆ. ಅಂಥವನು ಚಿಮಟ ಹಿಡಿದುಕೊಂಡು ತಾಯಿಯ ಬಾಯಿ ಬಿಡಿಸಲು ಹೊರಟಿದ್ದೆ. ಅಂಗಡಿಯಾಕೆಯ ಬೆರಳುಗಳು ಆಗ ಅರ್ಥವಾದವು. ಬಾಯಲ್ಲಿ ಮರಿ ಇದೆ, ಇಪ್ಪತ್ತೊಂದು ದಿನ. ಗಂಟೆಯಲ್ಲ. ಆ ಗಂಟೆಯ ಓಟಕ್ಕೆ ನೀಲಿ ಗಂಡು ಬಲಿಯಾಗಿತ್ತು.

“ನಿಮ್ಮ ಬಾಯಲ್ಲಿಟ್ಟಿದ್ರೆ ಒಂದು ಮರೀನೂ ಉಳೀತಿರ್ಲಿಲ್ಲ” ಎಂದು ಹೆಂಡತಿ ಭೂತಗನ್ನಡಿ ಒರೆಸುತ್ತಾ ಹೇಳಿದಳು.

ಮಗಳು ನಗಲಿಲ್ಲ. “ಗಲಾಟೆ ಆದ್ರೆ ಹೆದರಿ ಉಗುಳಿಬಿಡುತ್ತೆ, ಇಲ್ಲ ನುಂಗಿಬಿಡುತ್ತೆ. ಓದಿದೀನಿ,” ಎಂದಳು. “ಯಾರೂ ನೋಡೋಕೆ ಬರ್ಬಾರ್ದು. ಯಾರಿಗೂ ಹೇಳ್ಬಾರ್ದು. ಸಂಘದವ್ರಿಗೂ.” ನೋಟ್‌ಬುಕ್ ಮುಚ್ಚಿದಳು. “ಲಿಫ್ಟಲ್ಲಿರೋರಿಗೂ.”

ಕೊನೆಯದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ತೊಟ್ಟಿಯನ್ನೇ ನೋಡುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು. ಹೇಳಲು ನೂರೆಂಟು ಮಾತಿದ್ದವು, ಪ್ರಮಾಣ ಮಾಡಬಹುದಿತ್ತು, ಐದನೆಯ ಸಲ ಕ್ಷಮೆ ಕೇಳಬಹುದಿತ್ತು. ಅದೆಲ್ಲವನ್ನೂ ನುಂಗಿಕೊಂಡು, “ಹೂಂ” ಎಂದೆ.

ಇನ್ನು ಹನ್ನೆರಡು ದಿನ ಉಳಿದಿದ್ದವು. ಹನ್ನೆರಡು ದಿನ ಎಂದರೆ ಏನು ಮಹಾ ಎಂದು ನಿಮಗೆ ಅನ್ನಿಸಬಹುದು. ನಿಮಗೆ ಅನ್ನಿಸುತ್ತದೆ ಬಿಡಿ. ನಮ್ಮ ಅಧ್ಯಕ್ಷರು ಇದೇ ಜಾತಿಯಲ್ಲಿ ಮರಿ ಮಾಡಿಸಲು ಆರು ವರ್ಷದಿಂದ ಒದ್ದಾಡುತ್ತಿದ್ದಾರೆ. ಪ್ರತಿ ಸಲ ತಾಯಿ ಉಗುಳಿಬಿಡುತ್ತದೆ. ಅವರ ಕೈಲಾಗದ್ದು ನನ್ನ ಮನೆಯಲ್ಲಿ, ನನ್ನ ಮಗಳ ಮೇಜಿನ ಪಕ್ಕದಲ್ಲಿ ಆಗುತ್ತಿದೆ. ಇದನ್ನು ಇಟ್ಟುಕೊಂಡು ನಾನು ಅವರ ಔಷಧಿ ಅಂಗಡಿಯ ಮುಂದೆ ದಿನಕ್ಕೆ ಎರಡು ಸಲ ಹಾದುಹೋಗಬೇಕು. ಒಂದು ದಿನ ತಡೆಯಲಾರದೆ ಒಳಗೆ ಹೋಗಿಯೇಬಿಟ್ಟೆ. “ಏನು ಬೇಕಿತ್ತು?” ಎಂದರು. ಬಾಯಿ ತೆರೆದೆ. “ತಲೆನೋವಿನ ಮಾತ್ರೆ” ಎಂದೆ. ಮೂರು ದಿನದಲ್ಲಿ ನಾಲ್ಕು ಪಟ್ಟಿ ಮಾತ್ರೆ ಸೇರಿತು ಮನೆಗೆ.

ವ್ಯಾನ್ ಡ್ರೈವರ್, “ಸಾರ್, ಹುಷಾರಿಲ್ವಾ? ನಿನ್ನೆಯಿಂದ ಗಾಡಿ ಇಂಜಿನ್ ಶಬ್ದ ಎಲ್ಲಾ ಕೇಳಿಸ್ತಿದೆ” ಎಂದು ವಿಚಾರಿಸಿದ.

ಆ ವಾರವೇ ಒಂದು ಬ್ಯಾಂಕಿನ ಲಿಫ್ಟ್ ನಿಂತಿತು. ಒಳಗೆ ಇಬ್ಬರು. ನಾನು ಬಾಗಿಲ ಬಳಿ ಕೂತೆ. ಏನು ತೆಗೆದರೂ ಮೀನಿಗೆ ಬಂದು ನಿಲ್ಲುತ್ತದೆ ಎಂದು ನನಗೆ ಗೊತ್ತು. ಮದುವೆಯಿಂದ ಶುರುಮಾಡಿದರೆ ಮೂರನೇ ವಾಕ್ಯಕ್ಕೆ ಮೀನು. ಆದ್ದರಿಂದ ಕೈಪಿಡಿಯನ್ನೇ ಹೇಳತೊಡಗಿದೆ. “ಈ ಲಿಫ್ಟಿಗೆ ಆರು ಉಕ್ಕಿನ ಹಗ್ಗ ಇವೆ. ಏನೂ ಹೆದ್ರಬೇಡಿ. ಐದು ಹೋದ್ರೂ ಒಂದೇ ಹಗ್ಗ ಪೂರ್ತಿ ತೂಕ ತಡೆಯುತ್ತೆ.”

ಒಳಗಿನಿಂದ ಒಬ್ಬರು ನಡುಗುವ ದನಿಯಲ್ಲಿ, “ಅಂದ್ರೆ ಐದು ಹೋಗಿದ್ಯಾ?” ಎಂದರು.

ಅವರನ್ನು ಸಮಾಧಾನ ಮಾಡಲು ಇಪ್ಪತ್ತು ನಿಮಿಷ ಬೇಕಾಯಿತು. ಆದರೆ ಮೀನಿನ ಸುದ್ದಿ ಹೊರಬರಲಿಲ್ಲ. ಮನೆಗೆ ಬಂದು ಈ ಸಾಹಸವನ್ನು ಮಗಳಿಗೆ ಹೇಳಬೇಕೆನ್ನಿಸಿತು. ಹೇಳಿದರೆ ಅದೂ ಜಂಭವೇ ಆಗುತ್ತದೆ ಎಂದು ಹೊಳೆಯುವಷ್ಟು ಬುದ್ಧಿ ಆ ಹೊತ್ತಿಗೆ ಬಂದಿತ್ತು. ಸಂಜೆ ಅವಳ ಕೋಣೆಗೆ ಹೋಗಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂರುತ್ತಿದ್ದೆ. ಅವಳು ನೋಟ್‌ಬುಕ್ ನನ್ನ ಕಡೆ ತಿರುಗಿಸುತ್ತಿದ್ದಳು. ಓದಿ ವಾಪಸು ತಿರುಗಿಸುತ್ತಿದ್ದೆ. ಅಷ್ಟೇ. ಆ ಅರ್ಧ ಗಂಟೆಗಾಗಿ ನಾನು ಇಡೀ ದಿನ ಕಾಯುತ್ತಿದ್ದೆ.

ಹದಿನಾರನೇ ದಿನ ಭಾನುವಾರ. ಸಂಘದ ಪ್ರದರ್ಶನ. ಹೊತ್ತೇರುವ ಮೊದಲೇ ಅಧ್ಯಕ್ಷರು ಇಬ್ಬರು ಸದಸ್ಯರ ಜೊತೆ, ಮೀನು ಒಯ್ಯುವ ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಎಲ್ಲಿ ನಿಮ್ಮ ನೀಲಿ ಮಹಾರಾಜ? ಮೆರವಣಿಗೇಲಿ ಕರ್ಕೊಂಡು ಹೋಗೋಣ ಅಂತ ನಾವೇ ಬಂದ್ವಿ.”

“ಸತ್ತೋಯ್ತು,” ಎಂದೆ.

“ಹೇಗೆ?”

“ನೀರಿಗೆ ಹೊಂದಿಸದೆ ಬಿಟ್ಬಿಟ್ಟೆ.”

ಅಧ್ಯಕ್ಷರು ನನ್ನನ್ನು ದಿಟ್ಟಿಸಿ ನೋಡಿದರು. ಡಬ್ಬವನ್ನು ನಿಧಾನವಾಗಿ ನೆಲದ ಮೇಲಿಟ್ಟರು. ಸೋಫಾದ ಮೇಲಿದ್ದ ಟವೆಲ್ ತೆಗೆದು ಪ್ಯಾಂಟಿನ ಮೇಲೆಯೇ ಸೊಂಟಕ್ಕೆ ಸುತ್ತಿಕೊಂಡರು. ಬೆರಳನ್ನು ಬ್ರಷ್ ಮಾಡಿಕೊಂಡು ಹಲ್ಲುಜ್ಜುತ್ತಾ ನಮ್ಮ ಹಾಲ್‌ನ ಈ ಕಡೆಯಿಂದ ಆ ಕಡೆಗೆ ನಡೆದು, ತೊಟ್ಟಿಯ ಮುಂದೆ ನಿಂತು, ಬಾಯಿ ಅಷ್ಟಗಲ ತೆರೆದು ಬೆರಳು ಕೆಳಗಿಳಿಸಿದರು. ನಾನು ಮಾಡುತ್ತಿದ್ದದ್ದಕ್ಕಿಂತ ಚೆನ್ನಾಗಿ ಮಾಡಿದರು. ಎಷ್ಟು ವರ್ಷದ ಅಭ್ಯಾಸವೋ. ಸದಸ್ಯರಿಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು.

“ಹೀಟರ್ ಮರಿಯೋದು ಮನುಷ್ಯ ಸಹಜ ಸ್ವಾಮಿ,” ಎಂದರು ಅಧ್ಯಕ್ಷರು. “ಇದು ಒಂದನೇ ಕ್ಲಾಸಿನ ಪಾಠ. ನೀವೇ ಅಲ್ವಾ ಮೇಷ್ಟ್ರು?” ಮತ್ತೆ ಏನೋ ನೆನಪಾದಂತೆ, “ಇನ್ನೊಂದು ಇತ್ತಲ್ಲ, ಬಿಟ್ಟಿ ಕೊಟ್ಟದ್ದು? ಅದನ್ನಾದ್ರೂ ಉಳಿಸಿದೀರೋ?” ಎಂದು, ಹಾಲ್‌ನ ತೊಟ್ಟಿಯಲ್ಲಿ ಅದು ಕಾಣದೆ, ಮಗಳ ಕೋಣೆಯ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದರು.

ಅವರ ದಾರಿಗೆ ಅಡ್ಡ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಆಚೆ ಮಗಳು ಇದ್ದಳು. ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ಪಾದದ ನೆರಳು ಕಾಣುತ್ತಿತ್ತು. ನನ್ನ ನಾಲಿಗೆಯ ತುದಿಯಲ್ಲಿ ಒಂದೇ ಒಂದು ವಾಕ್ಯ ಇತ್ತು: ನೀವು ಆರು ವರ್ಷದಿಂದ ಮಾಡಲಾಗದ್ದು ಈ ಬಾಗಿಲ ಆಚೆ ಆಗುತ್ತಿದೆ. ಅಷ್ಟು ಹೇಳಿದ್ದರೆ ಟವೆಲ್ ಅಲ್ಲೇ ಕಳಚಿ ಬೀಳುತ್ತಿತ್ತು. ಸತ್ತ ನೀಲಿ ಗಂಡನ್ನು ಎಲ್ಲರೂ ಮರೆತು, ಈ ನಗರದ ಮೀನು ಸಾಕುವವರ ಬಾಯಲ್ಲೆಲ್ಲ ನನ್ನ ಹೆಸರು ಹತ್ತು ವರ್ಷ ಇರುತ್ತಿತ್ತು. ದೇವರಾಣೆಗೂ ಹೇಳುತ್ತೇನೆ, ನನ್ನ ತುಟಿ ಆಡಿತು. ದನಿ ಬರಲಿಲ್ಲ.

“ಅದು ಪ್ರದರ್ಶನಕ್ಕಿಡೋ ಮೀನಲ್ಲ,” ಎಂದೆ ಕೊನೆಗೆ. “ನಿಧಾನ ಮಾತಾಡಿ, ಮಗಳು ಓದ್ಕೊಳ್ತಿದ್ದಾಳೆ.”

“ರೇಡಿಯೋಗೇ ಶಬ್ದ ಜಾಸ್ತಿ ಆಯ್ತಂತೆ!” ಮತ್ತೊಂದು ಸುತ್ತು ನಗು. ಹೊರಡುವಾಗ ಅಧ್ಯಕ್ಷರು ಟವೆಲ್ ಮಡಚಿ ನನ್ನ ಕೈಗಿತ್ತು, “ಮಧ್ಯಾಹ್ನ ಬನ್ನಿ. ಹೊಸ ಸದಸ್ಯರಿಗೆ ನಿಮ್ಮದೇ ಭಾಷಣ ಇಟ್ಕೊಳ್ಳೋಣ. ವಿಷಯ, ವಿದೇಶಿ ಮೀನು ಸಾಯಿಸೋದು ಹೇಗೆ,” ಎಂದರು.

ಹೋದೆ. ಮಾಡಿದೆ. ಐದೇ ನಿಮಿಷ. ಅಷ್ಟು ಚಪ್ಪಾಳೆ ನನ್ನ ಯಾವ ಭಾಷಣಕ್ಕೂ ಬಿದ್ದಿರಲಿಲ್ಲ.

ಆದರೆ ಅದಕ್ಕೆ ಮೊದಲು, ಅವರು ಮೆಟ್ಟಿಲಿಳಿದ ಮೇಲೆ, ಮಗಳು ಬಾಗಿಲು ತೆರೆದಳು. ಅವಳ ಮುಖ ಬಿಳಿಚಿಕೊಂಡಿತ್ತು. ತೊಟ್ಟಿಯ ಮೇಲೆ ತನ್ನ ಹೊದಿಕೆ ಮುಚ್ಚಿದ್ದಳು. ಅಷ್ಟು ಗದ್ದಲದಲ್ಲಿ ಏನಾಯಿತೋ ಎಂದು ಆ ಹೊದಿಕೆಯ ಕಡೆ ನೋಡಿದೆ.

“ಮುಚ್ಕೊಂಡೇ ಇತ್ತು,” ಎಂದಳು.

ಮೀನಿನ ಬಾಯಿಯೋ ನನ್ನ ಬಾಯಿಯೋ ಎಂದು ನಾನು ಕೇಳಲಿಲ್ಲ.

ಇಪ್ಪತ್ತೊಂದನೇ ದಿನ ಏನೂ ಆಗಲಿಲ್ಲ. ಆಫೀಸಿಗೆ ರಜೆ ಹಾಕಿ ಕೂತಿದ್ದೆ, ಗಂಭೀರಮ್ಮ ನನ್ನ ಕಡೆ ಬೆನ್ನು ಹಾಕಿ ನಿಂತಿತ್ತು. ಇಪ್ಪತ್ತೆರಡನೇ ದಿನ ಸಂಜೆ ಐದೂವರೆಗೆ ಮಗಳು ಹಾಲ್‌ಗೆ ಬಂದು ಏನೂ ಹೇಳದೆ ನನ್ನ ಅಂಗಿಯ ತೋಳು ಹಿಡಿದು ಎಳೆದುಕೊಂಡು ಹೋದಳು. ಉಪವಾಸದಿಂದ ಮೀನಿನ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಅದು ಮರಳಿನ ಹತ್ತಿರ ತಲೆ ಬಗ್ಗಿಸಿ, ಮೊದಲ ಸಲ ಬಾಯಿ ತೆರೆಯಿತು. ಒಂದು ಮರಿ ಹೊರಬಂತು. ಉಗುರಿನ ಚೂರಿನಷ್ಟು. ಅದು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಆಮೇಲೆ ಇನ್ನೊಂದು. ಆಮೇಲೆ ಒಟ್ಟಿಗೆ ಐದಾರು. ನಾನು ಚೆನ್ನಾಗಿ ಕಾಣಲೆಂದು ಮುಂದೆ ಬಗ್ಗಿದೆ, ಮಂಡಿ ಮೇಜಿಗೆ ತಾಗಿ ಠಣ್ ಎಂದಿತು. ಗಂಭೀರಮ್ಮ ಬಾಯಿ ತೆರೆದುಕೊಂಡೇ ನಿಂತಿತು. ಮರಿಗಳೆಲ್ಲ ತಿರುಗಿ ಓಡಿ, ನೂಕಾಡಿಕೊಂಡು ಅದರೊಳಗೆ ಸೇರಿಬಿಟ್ಟವು. ಬಾಯಿ ಮುಚ್ಚಿತು.

“ಅಪ್ಪಾ!” ಎಂದಳು ಮಗಳು. ಆ ಬೈಗುಳಕ್ಕೆ ನನಗಾದ ಸಂತೋಷ ಹೇಳತೀರದು.

ಹತ್ತು ನಿಮಿಷ ಅಲುಗದೆ ಕೂತೆವು. ಮತ್ತೆ ತೆರೆಯಿತು. ಮಗಳು ಬೆರಳಲ್ಲಿ ಎಣಿಸಿ ಪಿಸುಗುಟ್ಟಿದಳು, “ಹದಿನಾಲ್ಕು.” ನೋಟ್‌ಬುಕ್ಕಿನಲ್ಲಿ ಬರೆದಳು. ಪೆನ್ನಿನ ಮುಚ್ಚಳ ಹಾಕಿ, “ಈಗ ಹೇಳ್ಬಹುದು ಬೇಕಾದ್ರೆ,” ಎಂದಳು.

ಫೋನ್ ತೆಗೆದೆ. ಸುಳ್ಳು ಯಾಕೆ ಹೇಳಲಿ, ಹದಿಮೂರು ದಿನದಿಂದ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಸಂದೇಶವದು. ಅಧ್ಯಕ್ಷರ ಟವೆಲ್ಲಿಗೆ ಒಂದು ವಾಕ್ಯ ಮೀಸಲಿತ್ತು. ಬೆರಳು ಕಳಿಸುವ ಗುಂಡಿಯ ಮೇಲಿತ್ತು.

“ಅಪ್ಪ, ಒಂದು ಹೇಳ್ಲಾ?”

ಅವಳು ತೊಟ್ಟಿಯನ್ನೇ ನೋಡುತ್ತಿದ್ದಳು. ಯಾರಿಗೂ ಹೇಳಬಾರದು ಎಂದು ಈ ಸಲ ಹೇಳಲಿಲ್ಲ. ನಾನು ಕಾದೆ, ಆ ಮಾತು ಬರಲೇ ಇಲ್ಲ. ಫೋನನ್ನು ಮಗುಚಿ ನೆಲದ ಮೇಲಿಟ್ಟೆ.

ಅವಳು ಹೇಳಿ ಮುಗಿಸಲು ಸುಮಾರು ಕಾಲು ಗಂಟೆ ಹಿಡಿಯಿತು. ಮಧ್ಯೆ ಒಮ್ಮೆ ದನಿ ಒಡೆಯಿತು. ನಾನು ಒಂದು ಮಾತೂ ಸೇರಿಸಲಿಲ್ಲ.

ಹೊರಗೆ ಬಂದಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. “ಏನಂದ್ಲು ರೀ ಅಷ್ಟು ಹೊತ್ತು?”

“ಏನಿಲ್ಲ,” ಎಂದೆ.

ಅವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದಳು.

ನಿಮಗೂ ಕೇಳಬೇಕೆನ್ನಿಸುತ್ತಿರಬಹುದು. ಇಷ್ಟು ಹೊತ್ತು ನನ್ನ ಮೂಲವ್ಯಾಧಿಯಿಂದ ಹಿಡಿದು ಎಲ್ಲವನ್ನೂ ಹೇಳಿದವನು ಇದೊಂದನ್ನು ಬಿಡುತ್ತಾನೆಯೇ ಎಂದುಕೊಂಡಿರಬಹುದು. ಮೀನಿನ ಬಗ್ಗೆ ಬೇಕಾದರೆ ಕೇಳಿ. ಹದಿನಾಲ್ಕೂ ಚೆನ್ನಾಗಿವೆ, ಒಂದಕ್ಕೆ ನೀಲಿ ಬರುತ್ತಿದೆ.